ಬೀಗದಕೈ ಇದ್ದ ಮಾತ್ರಕ್ಕೆ

ಪ್ರಿಯ ಸೋದರಿ,

ಬೆಂಗಳೂರಿನ ಬಾಡಿಗೆ ಮನೆ ಬಿಡಲು ನಿಮಗಿನ್ನೂ ಎರಡು ತಿಂಗಳಿದೆ. ಕಚೇರಿಯಿಂದ ಬೇಗ ಮರಳಿದ ದಿನ ನೋಡಿದರೆ, ಮಾಲೀಕರು ಯಾರನ್ನೋ ಕರೆತಂದು ನಿಮ್ಮ ಅಡುಗೆಮನೆ ತೋರಿಸುತ್ತಿದ್ದರು. ಕೇಳಿದ್ದಕ್ಕೆ ‘ನನ್ನ ಮನೆಗೆ ಬರಲು ಯಾರ ಅಪ್ಪಣೆ ಬೇಕು?’ ಎಂದರು. ಆ ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಮಲಗಿದೆ ಎಂದು ಬರೆದಿದ್ದೀರಿ. ಓದಿ ಸಂಕಟವಾಯಿತು, ಸಿಟ್ಟೂ ಬಂತು.

ನಿಮ್ಮ ಅಪ್ಪಣೆಯೇ ಬೇಕು. ಬಾಡಿಗೆಗೆ ಕೊಡುವುದೆಂದರೆ ಮನೆಯನ್ನು ಅನುಭವಿಸುವ ಹಕ್ಕನ್ನು ಒಂದು ಅವಧಿಗೆ ಬಿಟ್ಟುಕೊಡುವುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಬಾಡಿಗೆ ಕಟ್ಟಿ ಕರಾರಿಗೆ ತಕ್ಕಂತೆ ನಡೆಯುವವರು ಅವಧಿಯುದ್ದಕ್ಕೂ ಅಡಚಣೆಯಿಲ್ಲದೆ ಇರಬಹುದು. ಕರಾರು ಬೇರೆ ಹೇಳದಿದ್ದರೆ ಮಾಲೀಕರು ಆ ಮಾತು ಕೊಟ್ಟಂತೆಯೇ. ಅದೇ ಕಲಮು ಮಾಲೀಕರನ್ನೂ ಮರೆತಿಲ್ಲ. ಯುಕ್ತ ವೇಳೆಯಲ್ಲಿ ಒಳಬಂದು ಮನೆಯ ಸ್ಥಿತಿ ನೋಡಲು ನೀವು ಅವರಿಗೆ ಅವಕಾಶ ಕೊಡಲೇಬೇಕು. ಕೆಳಗಿನ ಮನೆಗೆ ನೀರು ಸೋರುತ್ತಿದೆ ಎಂದು ಬಂದರೆ ತಡೆಯಬೇಡಿ. ಆದರೆ ಅವಕಾಶ ಕೊಡಬೇಕಾದವರು ನೀವು. ನೀವಿಲ್ಲದಾಗ ಇನ್ನೊಂದು ಬೀಗದಕೈ ತಿರುಗಿಸಿ ಒಳಬಂದರೆ ಅವಕಾಶ ಕೇಳಿದಂತಾಗಲಿಲ್ಲ.

ಎಷ್ಟು ಮೊದಲು ತಿಳಿಸಬೇಕೆಂದು ಆ ಕಲಮು ಹೇಳುವುದಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ 24 ಗಂಟೆ ಮೊದಲೇ ಕಾರಣ, ದಿನ, ಸಮಯ ಬರೆದು ತಿಳಿಸಿ ಎನ್ನುತ್ತದೆ. ಬೆಂಕಿ, ಪ್ರವಾಹದಂಥ ತುರ್ತಿಗೆ ವಿನಾಯಿತಿಯಿದೆ. ರಾಜ್ಯವೊಂದು ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳುವವರೆಗೆ ಅದು ಬರಿಯ ಮಾದರಿ, ನಿಜ. ಆದರೂ ಮುಂದಿನ ಮನೆಯ ಹನ್ನೊಂದು ತಿಂಗಳ ಕರಾರಿಗೆ ಆ ಸಾಲನ್ನು ಸೇರಿಸಿಯೇ ಸಹಿ ಮಾಡಿ.

ಅಡ್ವಾನ್ಸ್ ಹಣ ಅವರ ಕೈಯಲ್ಲಿದೆ, ಹೇಗೆ ಎದುರಾಡಲಿ ಎಂದು ಕೇಳಿದ್ದೀರಿ. ನಮ್ಮ ಊರಿನ ಎಷ್ಟೋ ಬಾಡಿಗೆದಾರರ ಬಾಯಿ ಕಟ್ಟಿರುವುದು ಈ ಅಂಜಿಕೆಯೇ. ಜಗಳ ಬೇಡ, ಬರವಣಿಗೆಯಿರಲಿ. ‘ಮನೆ ತೋರಿಸಲು ಭಾನುವಾರ ಬೆಳಿಗ್ಗೆ ಬನ್ನಿ, ನಾನಿರುತ್ತೇನೆ, ನಾನಿಲ್ಲದಾಗ ದಯವಿಟ್ಟು ಬಾಗಿಲು ತೆರೆಯಬೇಡಿ’ ಎಂದು ಇಂದೇ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ, ಅಳಿಸದೆ ಇಟ್ಟುಕೊಳ್ಳಿ. ಬೆದರಿಸಲೆಂದೋ ಅವಮಾನಿಸಲೆಂದೋ ನುಗ್ಗಿದರೆ ಪೊಲೀಸರ ಬಳಿ ಹೋಗಿ. ಮನೆ ನಿಮ್ಮ ಸ್ವಾಧೀನದಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಅತಿಕ್ರಮ ಪ್ರವೇಶದ ದೂರು ಮಾಲೀಕರ ಮೇಲೂ ಕೊಡಬಹುದು.

ಇವತ್ತೇ ಒಳಗಡೆಗೊಂದು ಗಟ್ಟಿ ಚಿಲಕ ಹಾಕಿಸಿಕೊಳ್ಳಿ. ಮಾಲೀಕರ ಉತ್ತರ ಬಂದ ಮೇಲೆ ಮತ್ತೆ ಬರೆಯಿರಿ.