ನದಿ ದಡದ ಇಂಧನ ಟ್ಯಾಂಕುಗಳು: ಕೌಂಟಿ ಬೆಂಬಲದಿಂದ ಏನು ಪ್ರಯೋಜನ?

ಪ್ರಶ್ನೆ: ನಾವು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೇವೆ. ಇಲ್ಲಿ ವಿಲಾಮೆಟ್ ನದಿ ದಡದಲ್ಲಿ ಪೆಟ್ರೋಲ್, ಡೀಸೆಲ್ ತುಂಬಿದ ದೊಡ್ಡ ದೊಡ್ಡ ಟ್ಯಾಂಕುಗಳ ಸಾಲೇ ಇದೆ. ಭೂಕಂಪ ಆದರೆ ಗತಿಯೇನು ಅಂತ ಎಲ್ಲರೂ ಮಾತಾಡುತ್ತಾರೆ. ಟ್ಯಾಂಕುಗಳ ಸುರಕ್ಷತಾ ಕಾನೂನು ಬಿಗಿ ಮಾಡಲು ಸ್ಥಳೀಯ ಆಡಳಿತ ಬೆಂಬಲ ಕೊಟ್ಟಿದೆ ಅಂತ ಓದಿದೆ. ಆದರೆ ಕಾನೂನು ಮಾಡೋದು ರಾಜ್ಯ. ಹಾಗಿದ್ದಮೇಲೆ ಇವರ ಬೆಂಬಲದಿಂದ ಏನಾಗುತ್ತೆ? ಸುಮ್ನೆ ಒಂದು ನಿರ್ಣಯ ಪಾಸು ಮಾಡಿ ಕೈ ತೊಳೆದುಕೊಳ್ಳೋದಲ್ವಾ?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ಬರೀ ನಿರ್ಣಯವಾದರೆ ಅದು ಫೈಲಿನಲ್ಲಿ ಇನ್ನೊಂದು ಹಾಳೆ, ಅಷ್ಟೇ. ಆದರೆ ನಿಮ್ಮ ಸಿಟಿ ಮತ್ತು ಮಲ್ಟ್‌ನೋಮಾ ಕೌಂಟಿ (ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಬೆಂಬಲದ ಜೊತೆಗೆ ಲೆಕ್ಕವನ್ನೂ ತಂದಿಟ್ಟವು. ಕೆಲಸ ಮಾಡಿದ್ದು ಆ ಲೆಕ್ಕ.

ಮೊದಲು ಜಾಗ ಹೇಗಿದೆ ನೋಡಿ. ಒರೆಗಾನ್‌ನಲ್ಲಿ ಕಚ್ಚಾ ಎಣ್ಣೆ ಶುದ್ಧೀಕರಿಸುವ ರಿಫೈನರಿ ಒಂದೂ ಇಲ್ಲ. ಇಂಧನ ಮುಖ್ಯವಾಗಿ ವಾಷಿಂಗ್ಟನ್ ರಾಜ್ಯದಿಂದ ಪೈಪ್‌ಲೈನಿನಲ್ಲಿ, ಹಡಗಿನಲ್ಲಿ ಬರುತ್ತದೆ. ರಾಜ್ಯದ ದ್ರವ ಇಂಧನದಲ್ಲಿ ಶೇಕಡಾ 90ಕ್ಕೂ ಹೆಚ್ಚು ಹಾದುಹೋಗುವುದು ನೀವು ಹೇಳುವ ಈ ಸುಮಾರು 6 ಮೈಲಿ ಉದ್ದದ ನದಿ ದಡದಿಂದಲೇ. ಅಲ್ಲಿನ ನೆಲ ಬಂಡೆಯಲ್ಲ. ನದಿ ತಂದು ಹಾಕಿದ ಮರಳು, ಹೂಳು, ಅದರ ಮೇಲೆ ಜನ ತುಂಬಿಸಿದ ಮಣ್ಣು. ಕರಾವಳಿಯಾಚೆ ಸಮುದ್ರದ ತಳದಲ್ಲಿ ಕ್ಯಾಸ್ಕೇಡಿಯಾ ಬಿರುಕು ವಲಯ ಇದೆ, ಅಂದರೆ ಭೂಮಿಯ ಒಂದು ಫಲಕ ಇನ್ನೊಂದರ ಕೆಳಗೆ ಸರಿಯುವ ಜಾಗ. ಅದು ಕೊನೆಯ ಸಲ ದೊಡ್ಡದಾಗಿ ಜಗ್ಗಿದ್ದು 1700ರ ಜನವರಿ 26ರಂದು, ತೀವ್ರತೆ ಸುಮಾರು 9. ಅಲ್ಲಿ ಮತ್ತೆ ಅಂಥದ್ದು ಆಗಬಹುದು ಅಂತ ವಿಜ್ಞಾನಿಗಳು ಗಟ್ಟಿಯಾಗಿ ಹೇಳತೊಡಗಿದ್ದು 1980ರ ದಶಕದಲ್ಲಿ. ನಿಮ್ಮಲ್ಲಿನ ಬಹುಪಾಲು ಟ್ಯಾಂಕುಗಳು ಅದಕ್ಕಿಂತ ಮುಂಚೆ ಎದ್ದು ನಿಂತವು. ಅಂದರೆ ಕಟ್ಟಿದವರು ಕಾನೂನು ಮುರಿಯಲಿಲ್ಲ. ಆಗ ಇಷ್ಟು ದೊಡ್ಡ ಭೂಕಂಪಕ್ಕೆ ತಕ್ಕ ಕಾನೂನೇ ಇರಲಿಲ್ಲ.

ಈಗ ಟ್ಯಾಂಕಿಗೆ ಬರೋಣ. ದೂರದಿಂದ ನೋಡಿದರೆ ಅದು ಭಾರಿ ಗಟ್ಟಿ ಅನ್ನಿಸುತ್ತದೆ. ಆದರೆ 30 ಮೀಟರ್ ಅಗಲದ ಟ್ಯಾಂಕಿನ ಮೇಲ್ಭಾಗದ ಉಕ್ಕಿನ ಹಾಳೆ ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ದಪ್ಪವೂ ಇರುವುದಿಲ್ಲ. ನಿಂತ ಇಂಧನದ ಭಾರ ತಡೆಯಲು ಅಷ್ಟು ಸಾಕು. ನೆಲ ಅಲ್ಲಾಡಿದಾಗ ಕಥೆ ಬೇರೆ. ತುಂಬಿದ ಕೊಡ ಹೊತ್ತು ನಡೆದರೆ ನೀರು ತುಳುಕುವ ಹಾಗೆ ಒಳಗಿನ ಇಂಧನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿ ಹೊಡೆಯುತ್ತದೆ. ಬುಡದಲ್ಲಿ ಗೋಡೆ ಹೊರಕ್ಕೆ ಉಬ್ಬುತ್ತದೆ, ಮೇಲೆ ಚಾವಣಿ ಕೀಳುತ್ತದೆ. ಜಪಾನಿನ ಟೊಮಾಕೊಮಾಯ್‌ನಲ್ಲಿ 2003ರ ಸೆಪ್ಟೆಂಬರ್ 26ರಂದು ಇದೇ ಆಯಿತು. ಭೂಕಂಪದ ಕೇಂದ್ರ 200 ಕಿಲೋಮೀಟರಿಗೂ ದೂರದಲ್ಲಿತ್ತು. ಆದರೂ ಟ್ಯಾಂಕುಗಳೊಳಗೆ ಇಂಧನದ ಮೇಲೆಯೇ ತೇಲುವ ಚಾವಣಿಗಳು ಹಾಳಾದವು, ಅವತ್ತೇ ಒಂದು ಟ್ಯಾಂಕಿಗೆ ಬೆಂಕಿ ಬಿತ್ತು. ಎರಡು ದಿನ ಬಿಟ್ಟು, ಚಾವಣಿ ಮುಳುಗಿ ಬಾಯಿ ತೆರೆದುಕೊಂಡಿದ್ದ ನಾಫ್ತಾ (ಪೆಟ್ರೋಲಿನಂತೆ ಬೇಗ ಹೊತ್ತಿಕೊಳ್ಳುವ ಎಣ್ಣೆ) ಟ್ಯಾಂಕೊಂದು ಹೊತ್ತಿಕೊಂಡಿತು.

ನನ್ನನ್ನು ಕೇಳಿದರೆ ಟ್ಯಾಂಕಿಗಿಂತ ಅದಕ್ಕೆ ಕೂಡಿಸಿದ ಪೈಪ್ ಜಾಸ್ತಿ ಚಿಂತೆಯ ವಿಷಯ. ಮರಳು ನೆಲ ಕಂಪನಕ್ಕೆ ಕೆಸರಿನಂತಾಗಿ ಟ್ಯಾಂಕು ಒಂದು ಕಡೆ ಕುಸಿಯಿತು ಅಂದುಕೊಳ್ಳಿ. ಪೈಪ್ ಮಾತ್ರ ಇನ್ನೊಂದು ತಳಪಾಯದ ಮೇಲೆ ಬಿಗಿಯಾಗಿ ಕೂತಿದೆ. ಇವೆರಡರ ನಡುವೆ ಸಿಕ್ಕಿಕೊಳ್ಳುವುದು ಕೆಳಗಿನ ಒಂದು ವೆಲ್ಡಿಂಗ್ ಜಾಯಿಂಟ್. ಅದು ಬಿರಿದರೆ ಟ್ಯಾಂಕು ನೆಟ್ಟಗೆ ನಿಂತಿದ್ದರೂ ಒಳಗಿರುವುದೆಲ್ಲ ಹೊರಗೆ. ಬಾಗುವ ಜಾಯಿಂಟ್ ಹಾಕುವುದು, ತಾನಾಗಿಯೇ ಮುಚ್ಚಿಕೊಳ್ಳುವ ವಾಲ್ವ್ ಕೂರಿಸುವುದು, ಟ್ಯಾಂಕನ್ನು ಕಂಠಪೂರ್ತಿ ತುಂಬದೆ ಇರುವುದು, ಇವೆಲ್ಲ ಇಡೀ ನೆಲ ಗಟ್ಟಿ ಮಾಡುವುದಕ್ಕಿಂತ ಎಷ್ಟೋ ಕಡಿಮೆ ಖರ್ಚಿನವು. ಕಾನೂನು ಒತ್ತದೆ ಇದ್ದರೆ ಇಂಥ ಸಣ್ಣ ಕೆಲಸವೂ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಸುತ್ತಲೂ ತಡೆಗೋಡೆ ಇದೆಯಲ್ಲ ಅಂತ ಕೇಳಬಹುದು. ಎಣ್ಣೆ ಸೋರಿ ನೀರಿಗೆ ಸೇರದಂತೆ ತಡೆಯಲು ಕೇಂದ್ರ ಸರ್ಕಾರದ ನಿಯಮ 1970ರ ದಶಕದಿಂದಲೂ ಇದೆ. ಆದರೆ ಅದು ಕೇಳುವುದು ಆವರಣದೊಳಗಿನ ಅತಿ ದೊಡ್ಡ ಒಂದು ಟ್ಯಾಂಕಿನ ಇಂಧನ, ಜೊತೆಗೆ ಒಂದಿಷ್ಟು ಮಳೆನೀರು ಹಿಡಿಯುವಷ್ಟು ಜಾಗ. ಮಾಮೂಲಿ ಸೋರಿಕೆಗೆ ಇದು ಸರಿ. ಭೂಕಂಪ ಒಂದೇ ಟ್ಯಾಂಕನ್ನು ಆರಿಸಿಕೊಂಡು ಬರುವುದಿಲ್ಲ. ಅದೇ ಹೊತ್ತಿಗೆ ಗೋಡೆಯೂ ಬಿರುಕು ಬಿಟ್ಟಿರಬಹುದು.

ಹೀಗಿರುವಾಗ ಸ್ಥಳೀಯ ಆಡಳಿತದ ಕೈಯಲ್ಲಿ ಏನಿತ್ತು? ಭೂಬಳಕೆಯ ನಿಯಮ ಇತ್ತು. 2016ರಲ್ಲಿ ಪೋರ್ಟ್‌ಲ್ಯಾಂಡ್ ಸಿಟಿ ಹೊಸ ದೊಡ್ಡ ಇಂಧನ ಟರ್ಮಿನಲ್‌ಗಳಿಗೆ (ಇಂಧನ ತಂದು ಸಂಗ್ರಹಿಸಿ ಹಂಚುವ ಟ್ಯಾಂಕು ಕೇಂದ್ರಗಳಿಗೆ) ತಡೆ ಹಾಕಿತು, ಹಳೆಯವು ಬೆಳೆಯದಂತೆ ಮಿತಿ ಇಟ್ಟಿತು. ಅದು ಕೋರ್ಟು ಮೆಟ್ಟಿಲನ್ನೂ ಹತ್ತಿಬಂತು. ಆದರೆ ಆಗಲೇ ನಿಂತಿರುವ ಟ್ಯಾಂಕನ್ನು ಗಟ್ಟಿ ಮಾಡಿಸಲು ಆ ನಿಯಮ ಸಾಲದು. ಅದಕ್ಕೆ ರಾಜ್ಯದ ಕಾನೂನೇ ಬೇಕು.

ಆಗ ಸಿಟಿ ಮತ್ತು ಕೌಂಟಿ ಸೇರಿ ಒಂದು ಅಧ್ಯಯನ ಮಾಡಿಸಿದವು. ದೊಡ್ಡ ಭೂಕಂಪವಾದರೆ ಈ ದಡದಲ್ಲಿ 9.46 ಕೋಟಿಯಿಂದ 19.37 ಕೋಟಿ ಗ್ಯಾಲನ್‌ವರೆಗೆ ಇಂಧನ ಹೊರಚೆಲ್ಲಬಹುದು ಅಂತ ಅದು ಹೇಳಿತು. ಲೀಟರಿನಲ್ಲಿ ಸುಮಾರು 36 ಕೋಟಿಯಿಂದ 73 ಕೋಟಿ. ‘ಅಪಾಯ ಇದೆ’ ಅನ್ನುವ ಮಾತಿಗೂ ಈ ಅಂಕಿಗೂ ಇರುವ ವ್ಯತ್ಯಾಸ ಶಾಸಕರಿಗೆ ಅರ್ಥವಾಗದೆ ಇರುತ್ತದೆಯೇ? 2022ರಲ್ಲಿ ಒರೆಗಾನ್ ಶಾಸನಸಭೆ ಸೆನೆಟ್ ಬಿಲ್ 1567 ಅನ್ನು ಪಾಸು ಮಾಡಿತು. ಮಲ್ಟ್‌ನೋಮಾ, ಕೊಲಂಬಿಯಾ, ಲೇನ್ ಕೌಂಟಿಗಳಲ್ಲಿ 20 ಲಕ್ಷ ಗ್ಯಾಲನ್ ಅಥವಾ ಹೆಚ್ಚು ಸಾಮರ್ಥ್ಯದ ಇಂಧನ ಟರ್ಮಿನಲ್‌ಗಳು ಭೂಕಂಪಕ್ಕೆ ತಮ್ಮ ಸ್ಥಿತಿ ಹೇಗಿದೆ ಅಂತ ಪರೀಕ್ಷಿಸಿ ರಾಜ್ಯದ ಪರಿಸರ ಇಲಾಖೆಗೆ ವರದಿ ಕೊಡಬೇಕು. ಕೊನೆಯ ದಿನ 2024ರ ಜೂನ್ 1 ಆಗಿತ್ತು. ಆಮೇಲೆ ಅಪಾಯ ತಗ್ಗಿಸುವ ಯೋಜನೆ ಕೊಟ್ಟು, ಅದರಂತೆ ಕೆಲಸ ಮಾಡಬೇಕು.

ಸ್ಥಳೀಯ ಆಡಳಿತಕ್ಕೆ ಅಧಿಕಾರ ಇಲ್ಲದಿದ್ದರೂ ಮಾತಿಗೆ ತೂಕ ಬರುವುದಕ್ಕೆ ಇನ್ನೊಂದು ಕಾರಣ ಇದೆ. ಅನಾಹುತ ಆದಾಗ ಮೊದಲು ಓಡುವುದು ಅವರ ಅಗ್ನಿಶಾಮಕ ದಳ, ಕೆಲವು ಊರುಗಳಲ್ಲಿ ಕೆಡುವುದು ಅವರ ಕುಡಿಯುವ ನೀರು. ಹವಾಯಿಯ ಹೊನೊಲುಲು ನೀರು ಸರಬರಾಜು ಮಂಡಳಿಯನ್ನೇ ತೆಗೆದುಕೊಳ್ಳಿ. ರೆಡ್ ಹಿಲ್‌ನಲ್ಲಿ ನೌಕಾಪಡೆಯ 20 ಭೂಗತ ಇಂಧನ ಟ್ಯಾಂಕುಗಳಿದ್ದವು, ಅಂತರ್ಜಲದಿಂದ ಬರೀ ನೂರು ಅಡಿ ಮೇಲೆ. 2014ರಲ್ಲಿ ಒಂದು ಟ್ಯಾಂಕಿನಿಂದ ಸುಮಾರು 27,000 ಗ್ಯಾಲನ್ ಸೋರಿದ ಮೇಲೆ ಮಂಡಳಿ ಎಚ್ಚರಿಸುತ್ತಲೇ ಬಂತು. 2021ರ ನವೆಂಬರಿನಲ್ಲಿ ಜೆಟ್ ಇಂಧನ ನೌಕಾಪಡೆಯ ನಲ್ಲಿ ನೀರಿಗೇ ಸೇರಿತು. ಆ ನೀರು ಬಳಸುತ್ತಿದ್ದವರು ಸುಮಾರು 93,000 ಜನ. 2022ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ (ನಮ್ಮ ರಕ್ಷಣಾ ಮಂತ್ರಿಯಂಥವರು) ಆ ಸಂಗ್ರಹಾಗಾರವನ್ನೇ ಮುಚ್ಚಲು ಆದೇಶಿಸಿದರು. ಎಂಟು ವರ್ಷ ತಡ.

ಕಾನೂನು ಬಂದ ಮೇಲೆ ಸ್ಥಳೀಯರು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ವೆಸ್ಟ್ ವರ್ಜೀನಿಯಾ ಇದೆ. 2014ರ ಜನವರಿ 9ರಂದು ಅಲ್ಲಿ ತಳ ತೂತಾದ ಟ್ಯಾಂಕಿನಿಂದ ಕಲ್ಲಿದ್ದಲು ತೊಳೆಯುವ ರಾಸಾಯನಿಕ ಎಲ್ಕ್ ನದಿಗೆ ಸೋರಿ, ಸುಮಾರು 3 ಲಕ್ಷ ಜನರ ನಲ್ಲಿ ನೀರು ಕೆಟ್ಟಿತು. ಕೆಲವೇ ತಿಂಗಳಲ್ಲಿ ನೆಲದ ಮೇಲಿನ ಟ್ಯಾಂಕುಗಳಿಗೆ ಕಾನೂನು ಬಂತು. ಮಾರನೆಯ ವರ್ಷವೇ ಅದನ್ನು ಸಡಿಲಿಸಿ ಸಾಕಷ್ಟು ಟ್ಯಾಂಕುಗಳನ್ನು ಹೊರಗೆ ಬಿಟ್ಟರು.

ಹಾಗಾಗಿ ಕೌಂಟಿ ಸಭೆಗೆ ಹೋದರೆ ‘ಬೆಂಬಲ ಕೊಟ್ಟಿರಾ’ ಅಂತ ಕೇಳಬೇಡಿ, ಅದು ಮುಗಿದ ಕಥೆ. ಯಾವ ಟರ್ಮಿನಲ್‌ನ ಯೋಜನೆ ಎಲ್ಲಿಗೆ ಬಂತು, ನದಿಗೆ ತೀರಾ ಹತ್ತಿರದ ಟ್ಯಾಂಕುಗಳನ್ನು ಮೊದಲು ಸರಿ ಮಾಡುತ್ತಾರಾ, ಅಗ್ನಿಶಾಮಕ ದಳದ ಬಳಿ ಬೆಂಕಿ ಆರಿಸುವ ನೊರೆ ಎಷ್ಟಿದೆ, ಅವತ್ತು ರಸ್ತೆ, ಸೇತುವೆ ಕಟ್ಟಾದರೆ ಅದು ಹೇಗೆ ತಲುಪುತ್ತದೆ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಮುಂದಿನ ಸಭೆಯಲ್ಲೂ ಕೇಳಿ.

ಪ್ರಶ್ನೆ: ನಾವು ಅದೇ ಊರಲ್ಲಿ ಹಳೆ ಮನೆಯೊಂದನ್ನು ಕೊಳ್ಳುತ್ತಿದ್ದೇವೆ. ಅಂಗಳದಲ್ಲಿ ಹಳೆಯ ಎಣ್ಣೆ ಟ್ಯಾಂಕು ಹೂತಿರಬಹುದು ಅಂತ ಏಜೆಂಟ್ ಹೇಳಿದರು. ಇದಕ್ಕೂ ಈ ಕಾನೂನು ಅನ್ವಯವಾಗುತ್ತಾ?

ಉತ್ತರ: ಇಲ್ಲ. ಮನೆ ಬಿಸಿ ಮಾಡಲು ಅಲ್ಲೇ ಬಳಸುವ ಎಣ್ಣೆಯ ಟ್ಯಾಂಕನ್ನು ಕೇಂದ್ರದ ಭೂಗತ ಟ್ಯಾಂಕು ನಿಯಮವೂ ಹೊರಗಿಟ್ಟಿದೆ. ಆದರೆ ಒರೆಗಾನ್ ಪರಿಸರ ಇಲಾಖೆ ಇವಕ್ಕೇ ಬೇರೆ ವ್ಯವಸ್ಥೆ ಮಾಡಿದೆ. ಗೋಡೆ ಪಕ್ಕ ನೆಲದಿಂದ ಎದ್ದ ಕಬ್ಬಿಣದ ಪೈಪ್ ತುಂಡು, ನೆಲಮಾಳಿಗೆಯಲ್ಲಿ ಕತ್ತರಿಸಿ ಬಿಟ್ಟ ಸಣ್ಣ ತಾಮ್ರದ ಕೊಳವೆ ಕಂಡರೆ ಟ್ಯಾಂಕು ಇರುವ ಸಾಧ್ಯತೆ ಜಾಸ್ತಿ. ಸಹಿ ಹಾಕುವ ಮುಂಚೆ ಪತ್ತೆ ಮಾಡಿಸಿ, ಇದ್ದರೆ ಮಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಟ್ಯಾಂಕು ಖಾಲಿ ಮಾಡಿಸಿ, ತೊಳೆಸಿ, ತೆಗೆಸಬಹುದು ಅಥವಾ ಒಳಗೆ ಗಟ್ಟಿ ವಸ್ತು ತುಂಬಿಸಿ ಅಲ್ಲೇ ಬಿಡಬಹುದು. ಖರ್ಚು ಮಾರುವವರದಾ, ನಿಮ್ಮದಾ ಅನ್ನುವುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ಇಲಾಖೆಗೆ ಸಲ್ಲಿಸಿದ ವರದಿಯ ಪ್ರತಿ ಕೇಳಿ ಪಡೆಯಿರಿ. ಮುಂದೆ ನೀವು ಮಾರುವಾಗ ಕೊಳ್ಳುವವರು ಕೇಳುವುದು ಅದನ್ನೇ.