ಈರುಳ್ಳಿ ಸಾರದ ಸಕ್ಕರೆ ಸೀಸೆಯೊಳಗೇ ಬದಲಾಗುವುದೇಕೆ?

ಪ್ರಶ್ನೆ: ಚಳ್ಳಕೆರೆಯ ಈರುಳ್ಳಿಯನ್ನು ತಣ್ಣೀರಿನಲ್ಲಿ ಅರೆದು ಸೋಸಿ, ಅದರ ಫ್ರಕ್ಟಾನ್‌ಗಳನ್ನು (ಫ್ರಕ್ಟೋಸ್ ಸರಪಳಿಗಳಾದ ಸಕ್ಕರೆಗಳನ್ನು) ಕ್ರೊಮಟೋಗ್ರಫಿಯಿಂದ, ಅಂದರೆ ಮಿಶ್ರಣದ ಸಕ್ಕರೆಗಳನ್ನು ಬೇರ್ಪಡಿಸಿ, ಅಳೆಯುತ್ತಿದ್ದೇನೆ. ಫ್ರಿಜ್ಜಿನಲ್ಲಿಟ್ಟ ಅದೇ ಸಾರವನ್ನು ವಾರದ ನಂತರ ಅಳೆದರೆ ಕೆಸ್ಟೋಸ್, ನಿಸ್ಟೋಸ್ ಎಂಬ ಫ್ರಕ್ಟಾನ್‌ಗಳು ಇಳಿದು ಫ್ರಕ್ಟೋಸ್ ಏರಿರುತ್ತದೆ. ಇದು ಯಂತ್ರದ ದೋಷವೇ?
– ಸ್ನಾತಕೋತ್ತರ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಯಂತ್ರದ ಸಂವೇದನೆ ಕುಗ್ಗಿದ್ದರೆ ಸಾಮಾನ್ಯವಾಗಿ ಕ್ರೊಮಟೋಗ್ರಾಮಿನಲ್ಲಿ (ಯಂತ್ರ ಬರೆಯುವ ನಕ್ಷೆಯಲ್ಲಿ) ಒಂದೊಂದು ಸಕ್ಕರೆಯನ್ನು ತೋರುವ ಎಲ್ಲ ಶಿಖರಗಳೂ ಒಟ್ಟಿಗೆ ಇಳಿಯುತ್ತಿದ್ದವು. ಉದ್ದ ಸರಪಳಿಗಳು ಇಳಿದು ಫ್ರಕ್ಟೋಸ್ ಮಾತ್ರ ಏರಿದೆಯೆಂದರೆ ಸರಪಳಿ ಕಡಿಯುತ್ತಿದೆ ಎಂದೇ ಅರ್ಥ. ತಣ್ಣೀರಿನಲ್ಲಿ ಅರೆದಾಗ ಈರುಳ್ಳಿಯ ಕಿಣ್ವಗಳು ಸಾಯುವುದಿಲ್ಲ. ಫ್ರಿಜ್ಜಿನ ತಂಪು ಅವುಗಳ ವೇಗವನ್ನು ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕಾರಣದ ಸುಳಿವು ನಿಮ್ಮ ಕ್ರೊಮಟೋಗ್ರಾಮಿನಲ್ಲೇ ಇದೆ: ಫ್ರಕ್ಟೋಸ್ ಜೊತೆಗೆ ಸುಕ್ರೋಸ್ ಏರಿದ್ದರೆ ತುದಿಯಿಂದ ಫ್ರಕ್ಟೋಸನ್ನು ಕತ್ತರಿಸುವ ಕಿಣ್ವದ ಮೇಲೆ, ಸುಕ್ರೋಸ್ ಇಳಿದು ಗ್ಲೂಕೋಸ್ ಏರಿದ್ದರೆ ಇನ್ವರ್ಟೇಸ್ (ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವ ಕಿಣ್ವ) ಅಥವಾ ಆಮ್ಲದ ಮೇಲೆ, ಒಟ್ಟು ಸಕ್ಕರೆಯೇ ಕರಗುತ್ತಿದ್ದರೆ ಸೂಕ್ಷ್ಮಜೀವಿಗಳ ಮೇಲೆ ಸಂಶಯಪಡಿ.

ಹೆಚ್ಚಿದ ಈರುಳ್ಳಿಯನ್ನು ತಡಮಾಡದೆ ಕುದಿಯುವ ನೀರಿಗೇ ಹಾಕುವುದು ಮುಖ್ಯ ಪರಿಹಾರ. ಬಿಸಿಯಾದ 80% ಎಥನಾಲ್ ಕೂಡ ಕಿಣ್ವವನ್ನು ಕೊಲ್ಲುತ್ತದೆ, ಆದರೆ ಉದ್ದ ಸರಪಳಿಗಳು ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಕುದಿಸುವ ಮುನ್ನವೇ ನೀರಿಗೆ ಆಮ್ಲವನ್ನು ತಗ್ಗಿಸುವ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, ಏಕೆಂದರೆ ಆಮ್ಲವೂ ಶಾಖವೂ ಸೇರಿದರೆ ಫ್ರಕ್ಟೋಸಿನ ಬಂಧ ಬೇಗ ಮುರಿಯುತ್ತದೆ. ನಿಮ್ಮೂರಿನಲ್ಲಿ ಮೆಕ್ಕೆಜೋಳದ ಪಿಷ್ಟದ ಮೇಲೆ ಕೆಲಸ ಮಾಡಿದವರಿಗೆ ಇದು ಅತಿಯಾದ ಎಚ್ಚರಿಕೆಯೆನಿಸಬಹುದು; ಪಿಷ್ಟದ ಗ್ಲೂಕೋಸ್ ಬಂಧಗಳು ಆಮ್ಲಕ್ಕೆ ಇದಕ್ಕಿಂತ ಎಷ್ಟೋ ಪಾಲು ಗಟ್ಟಿ.

ಆರಿದ ಸಾರವನ್ನು 0.2 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಒಮ್ಮೆಗೆ ಬೇಕಾಗುವಷ್ಟನ್ನೇ ಪುಟ್ಟ ಸೀಸೆಗಳಿಗೆ ಹಂಚಿ, ಮೈನಸ್ 20 ಡಿಗ್ರಿಯಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಹೆಪ್ಪುಗಟ್ಟಿದಾಗ ಉದ್ದ ಸರಪಳಿಗಳು ತಳಕ್ಕಿಳಿಯಬಹುದಾದ್ದರಿಂದ ಅಳೆಯುವ ಮುನ್ನ ಬೆಚ್ಚಗೆ ಮಾಡಿ ಚೆನ್ನಾಗಿ ಕಲಕಬೇಕು. ಏಪ್ರಿಲ್ ಸೆಕೆಯಲ್ಲಿ ಯಂತ್ರದ ತಟ್ಟೆಯ ಮೇಲೆ ರಾತ್ರಿಯಿಡೀ ಸರದಿ ಕಾಯುವ ಸೀಸೆಗಳನ್ನೂ ತಂಪಾಗಿಡಬೇಕು. ಅವುಗಳ ನಡುವೆ ಶುದ್ಧ ಕೆಸ್ಟೋಸ್ ದ್ರಾವಣದ ಒಂದು ಸೀಸೆಯಿರಲಿ. ಅದರ ಅಳತೆ ಸ್ಥಿರವಾಗಿದ್ದು ನಿಮ್ಮ ಸಾರದ್ದು ಮಾತ್ರ ಬದಲಾದರೆ ಯಂತ್ರದ ಮಾತು ಅಲ್ಲಿಗೆ ಮುಗಿಯುತ್ತದೆ.

ಹಳೆಯ ಸಾರದ ಮೊದಲ ದಿನದ ಅಂಕಿಗಳನ್ನಾದರೂ ಉಳಿಸಿಕೊಳ್ಳಬಹುದೇ ಎಂಬ ಆಸೆ ಸಹಜ, ಆದರೆ ಬೇಡವೆಂದೇ ನನ್ನ ಸಲಹೆ, ಏಕೆಂದರೆ ಕಡಿತ ಶುರುವಾದದ್ದು ಅರೆಯುವಾಗಲೇ. ಹೊಸ ಗೆಡ್ಡೆಗಳನ್ನು ತಂದಾಗ ಕೊಯ್ಲಿನ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ದಾಸ್ತಾನಿನಲ್ಲಿರುವ ಈರುಳ್ಳಿಯಲ್ಲೂ ಫ್ರಕ್ಟಾನ್ ಕ್ರಮೇಣ ಕಡಿಮೆಯಾಗುತ್ತದೆ.