ವೀಕ್ಷಣಾಲಯದ ಹುಡುಗಿಯರ ಸಂದರ್ಶನ: ಅಧೀಕ್ಷಕರ ಪತ್ರ ಸಾಲದು

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಂಶೋಧನೆಗೆ ವೀಕ್ಷಣಾಲಯದ (ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆಯ ಅವಧಿಯಲ್ಲಿ ಇರಿಸುವ ಗೃಹ) ಹುಡುಗಿಯರನ್ನು ಮಾತಾಡಿಸಲು ಅಧೀಕ್ಷಕರ ಪತ್ರ ಸಾಕೇ ಎಂದು ಕೇಳಿದ್ದೀರಿ. ಸಾಲದು. ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಆಮೇಲೆ ಮಕ್ಕಳ ರಕ್ಷಣಾ ನಿರ್ದೇಶನಾಲಯಕ್ಕೂ ಬಾಲ ನ್ಯಾಯ ಮಂಡಳಿಗೂ ಅರ್ಜಿ. ಪೋಷಕರ ಸಮ್ಮತಿಯ ಜತೆಗೆ ಹುಡುಗಿಯದೂ ಬೇಕು; ಅಧೀಕ್ಷಕರ ಎದುರು ಅವಳು ‘ಹೂಂ’ ಅಂದದ್ದಕ್ಕೆ ಬೆಲೆಯಿಲ್ಲ.

ಹೆಚ್ಚಿನವರು ಎಡವುವುದು ಗುರುತು ಮುಚ್ಚುವಲ್ಲಿ. ಹೆಸರು ಬದಲಿಸಿ ‘ಹೊಸನಗರ, 16 ವರ್ಷ, ಇಂಥ ಪ್ರಕರಣ’ ಎಂದು ಬರೆದರೆ ಊರಿಗೆ ಊರೇ ಪತ್ತೆ ಹಚ್ಚುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಗುರುತು ಬಯಲಾದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾಲ್ಲೂಕು ಕೈಬಿಟ್ಟು ‘ಮಲೆನಾಡು’ ಎನ್ನಿ.

‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸಂಗತಿ ಬಾಯಿಬಿಟ್ಟರೆ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) 19ನೇ ಕಲಂನಂತೆ ಪೊಲೀಸರಿಗೆ ತಿಳಿಸಲೇಬೇಕು; ಸಮ್ಮತಿ ಪತ್ರದಲ್ಲೇ ಇದನ್ನು ಬರೆಯಿರಿ. ವಿಚಾರಣೆಯಲ್ಲಿರುವ ಪ್ರಕರಣದ ಬಗ್ಗೆ ಕೇಳಲೇಬೇಡಿ.